ವಿಯೆನ್ನಾದಲ್ಲಿ ಬಾಲು ಏನು ತಿನ್ನುತ್ತಿದ್ದ

ಪಾಳ್ಯ, ಆಲೂರು ತಾಲೂಕು
14 ಜುಲೈ 1999

ಜೋ ಅವರಿಗೆ,

ಕ್ಷೇಮ ಸಮಾಚಾರಕ್ಕೆ ಬರೆಯುತ್ತಿರುವ ಕಾಗದವಲ್ಲ ಇದು. ಒಂದು ವಿಷಯ ತಿಳಿಯಬೇಕಾಗಿದೆ, ಅದು ನಿಮ್ಮೊಬ್ಬರಿಗೇ ಗೊತ್ತಿರುವುದು, ಅದಕ್ಕೇ ಬರೆಯುತ್ತಿದ್ದೇನೆ. ವಿಳಾಸವನ್ನು ಸಕಲೇಶಪುರದಲ್ಲಿ ನಿಮ್ಮ ಅಕ್ಕ ಸ್ಟೆಲ್ಲಾ ಅವರ ಬೇಕರಿಗೆ ಹೋಗಿ ಕೇಳಿದೆ. ಬರೆದುಕೊಡುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಏನೂ ತೋಚದೆ ಆರು ಬನ್ನು ಕಟ್ಟಿಸಿಕೊಂಡು ಬಂದೆ.

ಬರುವ ತಿಂಗಳಿಗೆ ಬಾಲು ಅಣ್ಣ ಹೋಗಿ ಒಂದು ವರ್ಷ. ಹೋದ ವರ್ಷ ಸೂತಕದ ಮನೆ ಅಂತ ಮಹಾಲಯ ಅಮಾವಾಸ್ಯೆಗೆ ಎಡೆ ಇಡಲಿಲ್ಲ. ಈ ಸಲ ಅಪ್ಪನ ಎಲೆಯ ಪಕ್ಕದಲ್ಲಿ ಅವನ ಎಲೆಯನ್ನೂ ಹಾಕಬೇಕು. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಮಾಡಿ ಬಡಿಸುವುದು ಈ ಕಡೆ ಎಲ್ಲರ ಮನೆಯಲ್ಲೂ ಉಂಟು, ನೀವೂ ನೋಡಿದ್ದೀರಿ. ನಮ್ಮ ಮನೆಯಲ್ಲಿ ಇನ್ನೊಂದು ಕಟ್ಟುಪಾಡಿದೆ. ಕೊನೆಯ ದಿನಗಳಲ್ಲಿ ಅವರ ನಾಲಿಗೆಗೆ ಏನು ಹಿಡಿಸಿತ್ತೋ ಅದು ಎಲೆಯಲ್ಲಿ ಇರಲೇಬೇಕು. ಅಪ್ಪ ಕೊನೆಗೆ ಅವಲಕ್ಕಿ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಹೋದ ವರ್ಷ ಬಿಟ್ಟರೆ, ಹನ್ನೊಂದು ವರ್ಷದಿಂದ ಕೋಳಿಸಾರಿನ ಪಕ್ಕದಲ್ಲಿ ಅವಲಕ್ಕಿ ಮಜ್ಜಿಗೆ ಇಡುತ್ತಿದ್ದೇವೆ.

ಬಾಲುಗೆ ಅಕ್ಕಿರೊಟ್ಟಿ, ಕಳಲೆ ಪಲ್ಯ ಇಡೋಣ ಎಂದೆ. ಅಮ್ಮ ಒಪ್ಪಲಿಲ್ಲ. "ಅದು ಇಲ್ಲಿದ್ದಾಗ ತಿಂತಿದ್ದುದು ಕಣೆ. ಮೂರು ವರ್ಸ ಆ ದೇಸದಾಗೆ ಓಡಾಡ್ಕಂಡಿದ್ದ. ನಾಲಿಗೆ ಬದಲಾಗಿರ್ತೈತೆ. ಗೊತ್ತಿಲ್ದೆ ಏನೋ ಒಂದು ಇಟ್ಬುಟ್ಟು, ಅವನು ಎಲೆ ಮುಂದೆ ಕೂತು ಮುಖ ಸಿಂಡರಿಸ್ಕಂಡು ಎದ್ದೋದ್ರೆ? ಆ ಜೋಗೆ ಬರ್ದು ಕೇಳು. ಅವನ ಜೊತೇಲೇ ಇದ್ದವನು" ಎಂದಳು.

ಪ್ರವಾಸದ ಕಂಪನಿಯ ಬಸ್ಸಿನ ಜೊತೆ ಪ್ರಾಗ್‌ಗೂ ವಿಯೆನ್ನಾಕ್ಕೂ ಓಡಾಡಿ, ನಮ್ಮ ದೇಶದ ಪ್ರವಾಸಿಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದವರು ನೀವಿಬ್ಬರು. ಒಂದು ಚೆಕ್ ರಾಜಧಾನಿ, ಇನ್ನೊಂದು ಆಸ್ಟ್ರಿಯಾದ ರಾಜಧಾನಿ ಅಂತ ಮಕ್ಕಳಿಗೆ ಪಾಠ ಹೇಳುವ ನನಗೆ ಅದರಾಚೆ ಏನೂ ಗೊತ್ತಿಲ್ಲ. ಹೋದ ವರ್ಷ ಅವನು ವಿಯೆನ್ನಾದಿಂದ ಅಮ್ಮನಿಗೆ ಬರೆದದ್ದು ಮೂರು ಕಾಗದ. ಮೂರರಲ್ಲೂ "ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡ" ಎಂಬ ಒಂದೇ ಸಾಲು. ನನ್ನ ಹೆಸರಿಲ್ಲ. ಯಾಕೆ ಅಂತ ನಿಮಗೆ ಗೊತ್ತು. ಅಮ್ಮನಿಗೆ ಗೊತ್ತಿಲ್ಲ.

ಅಮಾವಾಸ್ಯೆ ಅಕ್ಟೋಬರ್ ಒಂಬತ್ತಕ್ಕೆ. ಅದರೊಳಗೆ ಉತ್ತರ ಬರುವ ಹಾಗೆ ಬರೆಯಿರಿ.

ಇಂತಿ,
ಚಂದ್ರಿಕಾ


ಪ್ರಾಗ್
9 ಆಗಸ್ಟ್ 1999

ಚಂದ್ರಿಕಾ ಅವರಿಗೆ,

ಕಾಗದ ಬಂತು. ಅಕ್ಷರ ನೋಡಿ ಒಡೆಯಲು ಎರಡು ದಿನ ಹಿಡಿಯಿತು.

ಊಟದ ವಿಷಯ ಕೇಳಿದ್ದೀರಿ. ಎರಡು ಊರುಗಳ ಬಗ್ಗೆಯೂ ಬರೆಯುತ್ತೇನೆ, ಅಮ್ಮನಿಗೆ ಓದಿ ಹೇಳಿ. ಬಸ್ಸು ಬೆಳಿಗ್ಗೆ ಪ್ರಾಗ್ ಬಿಟ್ಟರೆ ಸಂಜೆಗೆ ವಿಯೆನ್ನಾ. ಪ್ರವಾಸಿಗಳಿಗೆ ಮೊದಲು ಪ್ರಾಗ್ ತೋರಿಸಿ, ಆಮೇಲೆ ವಿಯೆನ್ನಾ ತೋರಿಸಿ, ಅಲ್ಲಿಂದಲೇ ವಿಮಾನ ಹತ್ತಿಸಿ ಊರಿಗೆ ಕಳಿಸುತ್ತಾರೆ. ಬಸ್ಸು ಖಾಲಿಯಾಗಿ ಪ್ರಾಗ್‌ಗೆ ವಾಪಸ್ ಬರುತ್ತದೆ.

ಪ್ರಾಗ್ ಕಣ್ಣಿಗೆ ಚೆಂದ, ಕಾಲಿಗೆ ಕಷ್ಟ. ಬೀದಿಗೆಲ್ಲ ಉರುಟು ಕಲ್ಲು ಹಾಸಿದ್ದಾರೆ. ಸೀರೆ ಉಟ್ಟು ಚಪ್ಪಲಿ ಹಾಕಿಕೊಂಡು ಬಂದ ಹೆಂಗಸರು ಮೊದಲ ದಿನವೇ ಮಂಡಿ ಹಿಡಿದುಕೊಂಡು ಕೂರುತ್ತಾರೆ. ನದಿಗೆ ಹಳೆಯ ಕಲ್ಲು ಸೇತುವೆ, ಅದರ ಎರಡೂ ಕಡೆ ಸಂತರ ಕಲ್ಲಿನ ಪ್ರತಿಮೆಗಳು. ಬೆಳಿಗ್ಗೆ ಆರಕ್ಕೆ ಹೋದರೆ ಮಾತ್ರ ನೆಮ್ಮದಿಯಾಗಿ ನಡೆಯಬಹುದು. ಊಟದಲ್ಲಿ ಹೇಳಬೇಕಾದ್ದು ಇವರ ಕಡುಬು. ಹಿಟ್ಟು ಕಲಸಿ, ತೋಳಿನಷ್ಟು ದಪ್ಪ ಉರುಳೆ ಮಾಡಿ ಬೇಯಿಸಿ, ಆಮೇಲೆ ಚಾಕುವಿನಲ್ಲಿ ಅಲ್ಲ, ದಾರದಲ್ಲಿ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾರೆ. ಮಾಂಸದ ಗೊಜ್ಜಿನ ಜೊತೆ ತಿನ್ನುತ್ತಾರೆ. ಅಣಬೆ, ಆಲೂಗಡ್ಡೆ ಹಾಕಿದ ಸೂಪು ಚೆನ್ನಾಗಿರುತ್ತದೆ.

ವಿಯೆನ್ನಾ ಬೇರೆ. ರಸ್ತೆ ಅಗಲ, ಟ್ರಾಮು ಹೇಳಿದ ನಿಮಿಷಕ್ಕೆ ಬರುತ್ತದೆ, ಅರಮನೆಗೆ ತೋಟವೋ ತೋಟಕ್ಕೆ ಅರಮನೆಯೋ ಎನ್ನುವ ಹಾಗಿದೆ. ವಯಸ್ಸಾದವರಿಗೆ ಸುಖದ ಊರು. ಕಾಫಿ ಅಂಗಡಿಯಲ್ಲಿ ಒಂದೇ ಲೋಟ ಕಾಫಿ ತೆಗೆದುಕೊಂಡು ಮಧ್ಯಾಹ್ನವೆಲ್ಲ ಪೇಪರ್ ಓದುತ್ತಾ ಕೂರಬಹುದು, ಯಾರೂ ಏಳಿಸುವುದಿಲ್ಲ. ಕಾಫಿಯ ಜೊತೆ ಪುಟ್ಟ ಗ್ಲಾಸಿನಲ್ಲಿ ನೀರು ಕೊಡುತ್ತಾರೆ. ಮಾಂಸವನ್ನು ತೆಳ್ಳಗೆ ಬಡಿದು, ರೊಟ್ಟಿ ಪುಡಿ ಹಚ್ಚಿ ಕರಿದದ್ದು ತಟ್ಟೆಯಿಂದ ಹೊರಗೆ ಚಾಚಿಕೊಂಡಿರುತ್ತದೆ. ಸೇಬಿನ ಸಿಹಿಯೂ ಹೆಸರುವಾಸಿ. ಖರ್ಚು ಪ್ರಾಗ್‌ಗಿಂತ ಬಹಳ ಜಾಸ್ತಿ.

ಎರಡೇ ದಿನ ಇರುವವರು ಪ್ರಾಗ್ ನೋಡಲಿ, ಕೂತು ಸುಧಾರಿಸಿಕೊಳ್ಳುವವರು ವಿಯೆನ್ನಾಕ್ಕೆ ಹೋಗಲಿ ಎಂದು ನಾನು ಹೇಳುವುದು. ನಮ್ಮ ಪ್ರವಾಸಿಗಳಿಗೆ ಇದ್ಯಾವುದೂ ಬೇಡ ಬಿಡಿ. ದಾವಣಗೆರೆಯವರಿರಲಿ, ಹುಬ್ಬಳ್ಳಿಯವರಿರಲಿ, ಬಸ್ಸಿಳಿದ ಕೂಡಲೇ ಕೇಳುವುದು ಮೊಸರು ಇದೆಯಾ ಅಂತ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇಂತಿ,
ಜೋ


ಪಾಳ್ಯ
30 ಆಗಸ್ಟ್ 1999

ಜೋ ಅವರಿಗೆ,

ಕೇಳಿದ್ದು ಒಂದು ತುತ್ತಿನ ವಿಷಯ, ನೀವು ಕಳಿಸಿದ್ದು ಎರಡು ಊರಿನ ಪ್ರವಾಸಿ ಕೈಪಿಡಿ. ಐದನೇ ತರಗತಿಯ ಮಕ್ಕಳು ಉತ್ತರ ಗೊತ್ತಿಲ್ಲದಿದ್ದಾಗ ಹೀಗೇ ಎರಡು ಪುಟ ಬರೆಯುತ್ತಾರೆ.

ಅಮ್ಮನಿಗೆ ಮಾತ್ರ ಬಹಳ ಖುಷಿಯಾಯಿತು, ಎರಡು ಸಲ ಓದಿಸಿದಳು. ಕಾಫಿ ಜೊತೆ ನೀರು ಕೊಡುವುದು ಕೇಳಿ, "ಅವರೇನು ಕಷಾಯ ಮಾಡ್ತಾರಾ? ಕುಡಿದ್ಮೇಲೆ ಬಾಯಿ ತೊಳ್ಕಳಕ್ಕೆ ನೀರು ಬೇರೆ!" ಎಂದಳು. ದಾರದಲ್ಲಿ ಕಡುಬು ಕೊಯ್ಯುವುದನ್ನು ಅಕ್ಕಪಕ್ಕದವರಿಗೆಲ್ಲ ಹೇಳಿ ಬಂದಿದ್ದಾಳೆ. ಆಮೇಲೆ ಒಂದು ಸಂಜೆ, "ಕಡುಬು ಮಾಡೋ ಊರು ಬುಟ್ಟು ಇವನ್ಯಾಕೆ ಆ ಇನ್ನೊಂದು ಊರಿಗೆ ಹೋಗಿ ಸತ್ತ?" ಎಂದಳು. ನಾನು ದನಕ್ಕೆ ಹುಲ್ಲು ಹಾಕುವ ನೆಪ ಮಾಡಿ ಎದ್ದೆ.

ಅವಳಿಗೆ ಏನೆಂದು ಹೇಳಲಿ? ಹೋದ ವರ್ಷ ಜನವರಿಯಲ್ಲಿ ನೀವು ನನಗೆ ಬರೆದ ಕಾಗದಗಳು ಅಣ್ಣನ ಕೈಗೆ ಸಿಕ್ಕಿದ್ದು, ಕಾಫಿ ಕಣದಲ್ಲಿ ನನ್ನನ್ನು ನಿಲ್ಲಿಸಿಕೊಂಡು "ಅನ್ನ ಹಾಕಿದ ಮನೆಗೇ ಕಣ್ಣು ಹಾಕ್ದ ಮಾರಾಯ್ತಿ ಅವನು, ಹೊಳೆಗೆ ಬಿದ್ರೂ ಅವನಿಗೆ ಕೊಡಾಕಿಲ್ಲ" ಎಂದದ್ದು, ಇದನ್ನು ಹೇಳಲೇ? ಏಪ್ರಿಲ್‌ನಲ್ಲಿ ಇಬ್ಬರೂ ಒಂದೇ ವಿಮಾನದಲ್ಲಿ ಹೋದಿರಿ ಎಂದು ಗೊತ್ತಾದಾಗ ಹೇಗೋ ಸರಿಹೋದೀತು ಎಂದುಕೊಂಡಿದ್ದೆ. ಆಗಸ್ಟ್‌ನಲ್ಲಿ ಅವನ ಶವದ ಪೆಟ್ಟಿಗೆಯ ಜೊತೆ ನೀವೊಬ್ಬರೇ ಬಂದಿರಿ. ಮೆದುಳಿನಲ್ಲಿ ನರ ಒಡೆದು ಅಡುಗೆಮನೆಯಲ್ಲೇ ಬಿದ್ದ ಎಂದಷ್ಟೇ ಕುಳ್ಳಯ್ಯ ಚಿಕ್ಕಪ್ಪನಿಗೆ ಹೇಳಿ, ಮಣ್ಣು ಮಾಡುವವರೆಗೆ ಗದ್ದೆಯ ಬದುವಿನಲ್ಲಿ ನಿಂತಿದ್ದು ಹೊರಟುಹೋದಿರಿ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ಈಗ ಜಗಳ ತೆಗೆಯುತ್ತಿಲ್ಲ.

ಅಮ್ಮನ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಸಾಕು. ಕೊನೆಯ ಆ ಐದು ತಿಂಗಳು ವಿಯೆನ್ನಾದಲ್ಲಿ ಬಾಲು ಇಷ್ಟಪಟ್ಟು ಏನು ತಿನ್ನುತ್ತಿದ್ದ?

ಚಂದ್ರಿಕಾ


ಪ್ರಾಗ್
17 ಸೆಪ್ಟೆಂಬರ್ 1999

ಚಂದ್ರಿಕಾ ಅವರಿಗೆ,

ಬಾಲುಗೆ ವಿಯೆನ್ನಾದಲ್ಲಿ ಇಷ್ಟವಾಗಿದ್ದದ್ದು ಅಲ್ಲಿಯ ಹರಿದ ದೋಸೆ. ಮೈದಾ, ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ, ದಪ್ಪನೆಯ ದೋಸೆ ಹುಯ್ದು, ಕಾವಲಿಯಲ್ಲಿ ಇರುವಾಗಲೇ ಎರಡು ಚಮಚದಲ್ಲಿ ಚೂರು ಚೂರಾಗಿ ಹರಿಯುತ್ತಾರೆ. ಮೇಲೆ ಸಕ್ಕರೆ ಪುಡಿ. ಪ್ಲಮ್ ಹಣ್ಣನ್ನು ಬೇಯಿಸಿದ ಗೊಜ್ಜು ಪಕ್ಕದಲ್ಲಿ. ಗುರುವಾರ ನಮಗೆ ಕೆಲಸ ಕಡಿಮೆ. ಪ್ರತಿ ಗುರುವಾರ ಮಧ್ಯಾಹ್ನ ಇಬ್ಬರೂ ಟ್ರಾಮಿನ ಕೊನೆಯ ಸ್ಟಾಪಿನ ಅಂಗಡಿಗೆ ಹೋಗುತ್ತಿದ್ದೆವು. ಅಂಗಡಿಯ ಮುದುಕಿ ಅವನಿಗೆ ಸಕ್ಕರೆ ಜಾಸ್ತಿ ಉದುರಿಸುತ್ತಿದ್ದಳು. ಹುಡುಗರ ಹಾಗೆ ತಟ್ಟೆ ಬಳಿದು ತಿನ್ನುತ್ತಿದ್ದ.

ಅಮ್ಮನಿಗೆ ಮಾಡಲು ಕಷ್ಟವಾಗಲಾರದು.

ಇಂತಿ,
ಜೋ


ಪಾಳ್ಯ
14 ಅಕ್ಟೋಬರ್ 1999

ಜೋ,

ನಿನ್ನ ಕಾಗದ ಅಮಾವಾಸ್ಯೆಗೆ ಮೂರು ದಿನ ಇರುವಾಗ ಕೈ ಸೇರಿತು. ಪೋಸ್ಟಿನ ದೇವೀರಪ್ಪನಿಗೆ ಅಮ್ಮ ದಿನಾ ಬೇಲಿಯ ಹತ್ತಿರ ಕಾದು ಕಾಟ ಕೊಟ್ಟಿದ್ದಳು. ಅವನು ದೂರದಿಂದಲೇ ಕಾಗದ ಎತ್ತಿ ತೋರಿಸಿಕೊಂಡು ಬಂದ.

ಪ್ಲಮ್ ಎಲ್ಲಿಂದ ತರುವುದು? ನಾನು ಆಲೂರಿಗೆ ಹೋಗಿ ಕಪ್ಪು ದ್ರಾಕ್ಷಿ ತಂದೆ. ಬೆಲ್ಲ ಹಾಕಿ ಬೇಯಿಸಿ ಗೊಜ್ಜು ಮಾಡಿದೆವು. ಅಮ್ಮ ಹಿಂದಿನ ದಿನವೇ ಒಂದು ಸಲ ದೋಸೆ ಹುಯ್ದು ಕೈ ಪಳಗಿಸಿಕೊಂಡಳು. ಅವಳ ಜನ್ಮದಲ್ಲೇ ಹರಿದ ದೋಸೆ ಅಂದರೆ ಕೆಟ್ಟ ದೋಸೆ. ಬೇಕೆಂದೇ ಹರಿಯಲು ಕೈ ಬರಲೊಲ್ಲದು. "ಹಿಂಗಾ? ಇಷ್ಟು ಸಣ್ಣಕಾ? ಇನ್ನೊಂದಪ ಓದೇ" ಎಂದು ನಿನ್ನ ಕಾಗದವನ್ನು ಒಲೆಯ ಮುಂದೆ ನಾಲ್ಕು ಸಲ ಓದಿಸಿದಳು. ಎಲೆಯಲ್ಲಿ ಕೋಳಿಸಾರು, ಕಡುಬು ಎಲ್ಲಕ್ಕಿಂತ ಮುಂದೆ ಆ ಚೂರುಗಳನ್ನು ಗುಡ್ಡೆ ಹಾಕಿ, ಮೇಲೆ ಸಕ್ಕರೆ ಉದುರಿಸಿದಳು. ಮುದುಕಿ ಜಾಸ್ತಿ ಹಾಕುತ್ತಿದ್ದಳಂತೆ ಎಂದು ಇನ್ನೊಂದು ಹಿಡಿ ಹಾಕಿದಳು.

ಅವನು ಹೋದ ಮೇಲೆ ಅಮ್ಮ ಹೊಟ್ಟೆತುಂಬ ಉಂಡದ್ದು ಅವತ್ತೇ. "ನನ್ನ ಮಗ ಪರದೇಸದಾಗೆ ಉಪಾಸ ಬೀಳ್ಲಿಲ್ಲ. ಅಲ್ಲೂ ಒಬ್ಬಳು ಮುದುಕಿ ಇದ್ಲು ಅವನಿಗೆ" ಎಂದು ಬಂದವರಿಗೆಲ್ಲ ಹೇಳಿಕೊಂಡಳು. ಇದಕ್ಕಾಗಿ ನಿನ್ನನ್ನು ಎಷ್ಟು ನೆನೆದರೂ ಸಾಲದು.

ಈಗ ನನ್ನದೊಂದು ಮಾತು. ಗುರುವಾರ ಗುರುವಾರ ಇಬ್ಬರೂ ಜೊತೆಗೆ ಹೋಗುತ್ತಿದ್ದಿರಿ ಎಂಬ ಸಾಲನ್ನು ರಾತ್ರಿ ಒಬ್ಬಳೇ ಕೂತು ಮತ್ತೆ ಓದಿದೆ. ಹಾಗಾದರೆ ನೀವು ಮಾತು ಬಿಟ್ಟಿರಲಿಲ್ಲ. ಒಂದೇ ಮೇಜಿನಲ್ಲಿ ಕೂತು ತಿನ್ನುವಷ್ಟು ಸರಿಹೋಗಿದ್ದಿರಿ. ಒಂದು ವರ್ಷದಿಂದ ನಾನು ಎದೆಯ ಮೇಲೆ ಕಲ್ಲು ಹೊತ್ತುಕೊಂಡಿದ್ದೇನೆ ಜೋ, ಅಣ್ಣ ನನ್ನ ಮೇಲಿನ ಸಿಟ್ಟಿನಲ್ಲೇ ಸತ್ತ ಅಂತ. ಅವನು ನಮ್ಮ ವಿಷಯ ಏನಾದರೂ ಅಂದನಾ? ಒಪ್ಪಿದ್ದನಾ? ಯಸಳೂರಿನಿಂದ ಒಂದು ಸಂಬಂಧ ಬಂದಿದೆ. ಅಭಿಲಾಷ್ ಅಂತ, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನಾನು ಇನ್ನೂ ಹ್ಞೂಂ ಅಂದಿಲ್ಲ. ನೀನು ಒಂದು ಮಾತು ಬರೆದರೆ ನಾನೇ ಅಮ್ಮನ ಹತ್ತಿರ ಎಲ್ಲ ಹೇಳುತ್ತೇನೆ. ಅಣ್ಣನೇ ಒಪ್ಪಿದ್ದ ಎಂದರೆ ಅವಳು ಬೇಡ ಅನ್ನುವುದಿಲ್ಲ.

ನಿನ್ನ ಉತ್ತರ ಬರುವವರೆಗೆ ನಾನೂ ಬೇಲಿಯ ಹತ್ತಿರ ನಿಲ್ಲುತ್ತೇನೆ.

ನಿನ್ನ
ಚಂದ್ರಿ


ಪ್ರಾಗ್
12 ನವೆಂಬರ್ 1999

ಚಂದ್ರಿಕಾ,

ನಾನು ಬರೆದದ್ದು ಸುಳ್ಳು.

ಗುರುವಾರ ಇಲ್ಲ, ಟ್ರಾಮಿನ ಕೊನೆಯ ಸ್ಟಾಪಿನ ಅಂಗಡಿ ಇಲ್ಲ, ಮುದುಕಿ ಇಲ್ಲ. ಆ ಹರಿದ ದೋಸೆ ಇಷ್ಟವಾಗಿದ್ದದ್ದು ನನಗೆ. ಮೊದಲಿನ ಎರಡು ವರ್ಷ ಇಬ್ಬರೂ ಬಸ್ಸಿನ ಜೊತೆ ಎರಡೂ ಊರಿಗೆ ಓಡಾಡಿದ್ದು ನಿಜ. ಕೊನೆಯ ವರ್ಷ ಹಾಗಿರಲಿಲ್ಲ. ವಿಮಾನ ಇಳಿದ ದಿನವೇ ಬಾಲು ಮ್ಯಾನೇಜರ್ ಹತ್ತಿರ ಹೋಗಿ, ಇವನ ಜೊತೆ ಒಂದೇ ಒಲೆಯಲ್ಲಿ ನಾನು ಅಡುಗೆ ಮಾಡುವುದಿಲ್ಲ ಎಂದ. ಕಂಪನಿಯವರು ನನ್ನನ್ನು ಪ್ರಾಗ್‌ನಲ್ಲಿ ನಿಲ್ಲಿಸಿ ಅವನನ್ನು ವಿಯೆನ್ನಾಕ್ಕೆ ಕಳಿಸಿದರು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ನಾವು ಒಂದು ಮಾತು ಆಡಲಿಲ್ಲ, ಒಂದು ಸಾಲು ಬರೆಯಲಿಲ್ಲ. ಆಮೇಲೆ ನಾನು ವಿಯೆನ್ನಾಕ್ಕೆ ಹೋದದ್ದು ಅವನನ್ನು ತರಲು. ಎರಡು ದಿನ ಆಫೀಸಿನಿಂದ ಆಫೀಸಿಗೆ ಕಾಗದಪತ್ರ ಹಿಡಿದು ಓಡಾಡಿದೆ. ಅವನು ಏನು ತಿನ್ನುತ್ತಿದ್ದ ಎಂದು ಯಾರನ್ನೂ ಕೇಳಲಿಲ್ಲ.

ನಿಮ್ಮ ಎರಡನೇ ಕಾಗದ ಬಂದಾಗ ಗೊತ್ತಿಲ್ಲ ಎಂದು ಬರೆಯಬೇಕಿತ್ತು. ಅಮ್ಮ ಕಾಯುತ್ತಿದ್ದಾರೆ ಎಂದು ಏನೋ ಒಂದು ಬರೆದೆ. ಬರೆಯುತ್ತಾ ಬರೆಯುತ್ತಾ ಅವನ ಎದುರು ಕೂತು ತಿಂದ ಹಾಗೇ ಅನಿಸಿತು. ಅದಕ್ಕೇ ಮುದುಕಿಯನ್ನೂ ಸೇರಿಸಿದೆ. ಅದರಿಂದ ನೀವು ಇಷ್ಟೆಲ್ಲ ಕಟ್ಟಿಕೊಳ್ಳುತ್ತೀರಿ ಎಂದು ಹೊಳೆಯಲಿಲ್ಲ.

ಒಪ್ಪಿದ್ದನಾ ಎಂದು ಕೇಳಿದ್ದೀರಿ. ಇದಕ್ಕೂ ಹೌದು ಎಂದು ಬರೆದುಬಿಡಬಹುದಿತ್ತು. ಮೂರು ದಿನ ಹಾಗೆ ಬರೆದ ಕಾಗದವನ್ನೇ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ನಿಮ್ಮ ಮೇಲಿನ ಆಸೆ ಅಷ್ಟಿದೆ ಎಂದು ಹೇಳಲು ನಾಚಿಕೆಯಿಲ್ಲ. ಹರಿದು ಹಾಕಿದೆ. ಸತ್ತವನ ಬಾಯಲ್ಲಿ ಎರಡನೇ ಸಲ ಸುಳ್ಳು ಹೇಳಿಸಲು ಆಗಲಿಲ್ಲ.

ಜೋ


ಪಾಳ್ಯ
3 ಮಾರ್ಚ್ 2000

ಜೋ ಅವರಿಗೆ,

ಮೂರು ತಿಂಗಳು ಬರೆಯಬಾರದು ಎಂದೇ ಇದ್ದೆ.

ಬದುಕಿರುವವನ ಬಾಯಿರುಚಿಯನ್ನು ಸತ್ತವನ ಎಲೆಗೆ ಬಡಿಸಿದ್ದೇವೆ. ನನ್ನ ಅಣ್ಣ ವರ್ಷಕ್ಕೊಂದು ಸಲ ಮನೆಗೆ ಬರುವವನು. ಮೊದಲ ಸಲ ಬಂದಾಗಲೇ ಅವನ ಮುಂದೆ, ಯಾರ ಜೊತೆ ಒಂದೇ ಒಲೆ ಬೇಡ ಅಂದಿದ್ದನೋ ಅವರ ಇಷ್ಟದ ತಿಂಡಿಯನ್ನು ಗುಡ್ಡೆ ಹಾಕಿಟ್ಟೆವು. ಅಮ್ಮನಿಗೆ ಹೇಳಿಲ್ಲ. ಅವಳು ಮೊನ್ನೆ ಸಂತೆಯಲ್ಲಿ ಯಾರಿಗೋ ಹರಿದ ದೋಸೆ ಮಾಡುವುದನ್ನು ಹೇಳಿಕೊಡುತ್ತಿದ್ದಳು. ನಾನು ಪಕ್ಕದಲ್ಲಿ ಮೆಣಸಿನಕಾಯಿ ಆರಿಸುತ್ತಾ ನಿಂತಿದ್ದೆ.

ನಿಮ್ಮ ಮೇಲೆ ಸಿಟ್ಟಿದೆ. ಸುಳ್ಳು ಬರೆದದ್ದಕ್ಕೆ ಎಷ್ಟು ಸಿಟ್ಟೋ, ನಿಜ ಬರೆದದ್ದಕ್ಕೂ ಅಷ್ಟೇ ಸಿಟ್ಟು. ಆ ಕಾಗದ ಹರಿಯದೆ ಕಳಿಸಿದ್ದರೆ ನಾನು ನಂಬುತ್ತಿದ್ದೆ.

ಏಪ್ರಿಲ್‌ಗೆ ನಿಮ್ಮ ಬಸ್ಸುಗಳು ಶುರುವಾಗುತ್ತವೆ. ವಿಯೆನ್ನಾಕ್ಕೆ ಹೋಗಿ. ಅವನು ಬಿದ್ದ ಅಡುಗೆಮನೆಗೆ ಹೋಗಿ, ಅವನ ಜೊತೆ ಕೆಲಸ ಮಾಡಿದವರನ್ನು ಹಿಡಿದು ಕೇಳಿ. ಏನೂ ತಿನ್ನುತ್ತಿರಲಿಲ್ಲ ಎಂದರೆ ಅದನ್ನೇ ಬರೆಯಿರಿ. ಒಣರೊಟ್ಟಿ ಎಂದರೆ ಒಣರೊಟ್ಟಿ ಇಡುತ್ತೇವೆ. ಇಷ್ಟು ಮಾಡಿ, ಬೇರೇನೂ ಕೇಳುವುದಿಲ್ಲ.

ಚಂದ್ರಿಕಾ


ವಿಯೆನ್ನಾ
21 ಮೇ 2000

ಚಂದ್ರಿಕಾ,

ಈ ಕಾಗದವನ್ನು ಅವನ ಅಡುಗೆಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ಪಾತ್ರೆ ತೊಳೆಯುವ ಮಿಲಿಟ್ಸಾ ಎಂಬ ಹೆಂಗಸಿದ್ದಾಳೆ. ಬೋಸ್ನಿಯಾದ ಯುದ್ಧದಲ್ಲಿ ಮನೆ ಬಿಟ್ಟು ಬಂದವಳು. ಬಾಲು ಜೊತೆ ಐದು ತಿಂಗಳು ಕೆಲಸ ಮಾಡಿದ್ದಾಳೆ. ಅವಳದ್ದೂ ಅರ್ಧ ಇಂಗ್ಲಿಷು, ನನ್ನದೂ ಅರ್ಧ ಇಂಗ್ಲಿಷು. ಬಾಗಿಲಲ್ಲಿ ನನ್ನನ್ನು ನೋಡಿ "ಪ್ರಾಗ್?" ಎಂದಳು. ಹೌದು ಎಂದೆ. ಕೈ ಒರೆಸಿಕೊಂಡು ಬಂದು ನನ್ನನ್ನು ಕೂರಿಸಿದಳು.

ಪ್ರವಾಸಿಗಳಿಗೆ ದಾರಿಯಲ್ಲಿ ತಿನ್ನಲು ಪ್ರಾಗ್‌ನಿಂದ ಬುತ್ತಿ ಕಟ್ಟಿ ಕಳಿಸುವುದು ನನ್ನ ಕೆಲಸ. ಎರಡು ದೊಡ್ಡ ಸ್ಟೀಲ್ ಡಬ್ಬಿಗಳಲ್ಲಿ ಪುಳಿಯೋಗರೆ ತುಂಬಿ ಬಸ್ಸಿಗೆ ಹಾಕುತ್ತೇನೆ. ಸಂಜೆ ಬಸ್ಸು ವಿಯೆನ್ನಾಕ್ಕೆ ಬಂದಾಗ ಬಾಲು ಹೊರಗೆ ನಿಂತಿರುತ್ತಿದ್ದನಂತೆ. ಇಳಿದವರು ಅಲ್ಲೇ ಎರಡು ಊರುಗಳನ್ನು ತೂಗಿ ನೋಡುವುದಕ್ಕೆ ಶುರು ಮಾಡುತ್ತಿದ್ದರಂತೆ. ಅಲ್ಲಿಯ ಸೇತುವೆ ಚೆಂದ, ಇಲ್ಲಿಯ ರಸ್ತೆ ಚೆಂದ, ಅಲ್ಲಿಯ ಸಾರಿನ ರುಚಿ ಇಲ್ಲಿ ಎಲ್ಲಿ ಸಿಕ್ಕೀತು. ಬೇರೆ ಅಡುಗೆಯವರಾದರೆ ಮುಖ ಗಂಟು ಹಾಕುತ್ತಾರೆ. ಇವನು ನಿಂತು ಕೇಳುತ್ತಿದ್ದ. ಆಮೇಲೆ ಯಾರಾದರೂ ಒಬ್ಬರನ್ನು ಪಕ್ಕಕ್ಕೆ ಕರೆದು, ಅಲ್ಲಿಯ ಅಡುಗೆಯವನು ಹೇಗಿದ್ದಾನೆ, ಮೈಯಲ್ಲಿ ಹುಷಾರಿದ್ದಾನಾ, ಇಳಿದುಹೋಗಿದ್ದಾನಾ ಎಂದು ವಿಚಾರಿಸುತ್ತಿದ್ದ. ಏನು ಕೇಳುತ್ತೀಯ ಅವರನ್ನು ಎಂದು ಮಿಲಿಟ್ಸಾ ಒಂದು ದಿನ ಕೇಳಿದ್ದಕ್ಕೆ ಅವನೇ ಇದನ್ನು ಹೇಳಿದನಂತೆ. ಪ್ರತಿ ಬಸ್ಸಿಗೂ ಹೀಗೇ. ವಾರಕ್ಕೆ ಎರಡು ಬಸ್ಸು.

ಎಲ್ಲರೂ ಒಳಗೆ ಹೋದ ಮೇಲೆ ಡಬ್ಬಿಗಳನ್ನು ತಾನೇ ಇಳಿಸಿಕೊಂಡು ಬಂದು, ಈ ಕಿಟಕಿಯ ಹತ್ತಿರ ಕೂತು, ತಳದಲ್ಲಿ ಉಳಿದದ್ದನ್ನು ಕೈಯಲ್ಲಿ ಬಳಿದು ತಿನ್ನುತ್ತಿದ್ದ. ಇವಳಿಗೂ ಒಂದು ತುತ್ತು ಕೊಡುತ್ತಿದ್ದ. ಬಾಯಿಗಿಟ್ಟ ಕೂಡಲೇ "ಉಪ್ಪು ಜಾಸ್ತಿ" ಎಂದು ನಗುತ್ತಿದ್ದ, ಆಮೇಲೆ ಕೊನೆಯ ಅಗುಳಿನವರೆಗೂ ತಿನ್ನುತ್ತಿದ್ದ. ಮಿಲಿಟ್ಸಾ ಆ ತಿಂಡಿಯ ಹೆಸರೇ ಅದು ಎಂದುಕೊಂಡಿದ್ದಾಳೆ. ಬಾಲು ಏನು ಇಷ್ಟಪಟ್ಟು ತಿನ್ನುತ್ತಿದ್ದ ಎಂದು ನಾನು ಕೇಳಿದ್ದಕ್ಕೆ, ನೆಟ್ಟಗೆ ನನ್ನ ಮುಖ ನೋಡಿ, "ಉಪ್ಪು ಜಾಸ್ತಿ" ಎಂದಳು. ಅಚ್ಚ ಪಾಳ್ಯದ ರಾಗದಲ್ಲಿ. ನಾನು ಅವಳ ಮುಂದೆ ಅತ್ತುಬಿಟ್ಟೆ.

ಡಬ್ಬಿಗಳನ್ನು ಅವನೇ ಬೂದಿ ಹಾಕಿ ತಿಕ್ಕಿದ ಹಾಗೆ ಹೊಳಪು ಬರಿಸಿ ಬಸ್ಸಿಗೆ ವಾಪಸ್ ಹಾಕುತ್ತಿದ್ದನಂತೆ. ಐದು ತಿಂಗಳು ಅವು ನನ್ನ ಕೈಗೇ ಬರುತ್ತಿದ್ದವು. ಯಾರು ತೊಳೆದರು ಎಂದು ಒಂದು ದಿನವೂ ಯೋಚಿಸಲಿಲ್ಲ. ಇಲ್ಲಿಗೆ ಬಂದವರು ನನ್ನ ಸುದ್ದಿ ತರುತ್ತಿದ್ದರು, ಆದರೆ ಇಲ್ಲಿಂದ ಅವರು ಊರಿಗೆ ಹೋಗುತ್ತಿದ್ದರು. ಅವನ ಸುದ್ದಿ ನನಗೆ ತರುವವರು ಯಾರೂ ಇರಲಿಲ್ಲ. ಒಂದು ಡಬ್ಬಿಯೊಳಗೆ ನಾನು ಒಂದು ಚೀಟಿ ಹಾಕಬಹುದಿತ್ತು. ಅವನೂ ಹಾಕಬಹುದಿತ್ತು.

ನಮ್ಮ ವಿಷಯ ಅವನು ಏನೂ ಹೇಳಿಲ್ಲ. ಬಿಡದೆ ಕೇಳಿದೆ. ಅವಳಿಗೆ ಗೊತ್ತಿಲ್ಲ. ಇದಕ್ಕೆ ಒಂದು ಅಕ್ಷರವನ್ನೂ ನಾನು ಸೇರಿಸಿಲ್ಲ.

ಅಮ್ಮನ ಪ್ರಶ್ನೆಗೆ ಉತ್ತರ ಪುಳಿಯೋಗರೆ. ಗೊಜ್ಜು ಮಾಡುವ ಬಗೆ ಬರೆದು ಕಳಿಸಲೇ?

ಜೋ


ಪಾಳ್ಯ
19 ಜೂನ್ 2000

ಜೋ ಅವರಿಗೆ,

ಈ ಕಾಗದವನ್ನು ಅಮ್ಮನಿಂದ ಮುಚ್ಚಿಡಲು ಆಗಲಿಲ್ಲ. ಇದನ್ನು ಓದಬೇಕಾದರೆ ಹಿಂದಿನದ್ದನ್ನೂ ಹೇಳಬೇಕು. ಹರಿದ ದೋಸೆಯ ಸುಳ್ಳು, ಜನವರಿಯ ಜಗಳ, ನೀವು ಮತ್ತು ನಾನು, ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಅಕ್ಕಿಯನ್ನೆಲ್ಲ ಆರಿಸಿ ಮುಗಿಸಿದ ಮೇಲೆ, "ಬಳ್ಕಂಡು ತಿಂದ್ನಾ?" ಎಂದಳು. ಹೌದಂತೆ ಎಂದೆ. "ತಳದ್ದು ಉಳಿದಿದ್ದು?" ಎಂದಳು. ಹೌದು ಎಂದೆ. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಬಹಳ ಅತ್ತಳು.

ಅಳು ನಿಂತ ಮೇಲೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಗೊಜ್ಜು ಬರ್ದು ಕಳ್ಸೋದೇನೂ ಬ್ಯಾಡ. ಅವನು ತಿಂದಿದ್ದು ಜೋ ಕೈದು. ನಾನು ಮಾಡಿದ್ರೆ ಅದು ನಂದಾಗ್ತೈತೆ. ಅವನೇ ಬಂದು ಮಾಡ್ಲಿ."

ಕುಳ್ಳಯ್ಯ ಚಿಕ್ಕಪ್ಪ ಹಾರಾಡಿದರು. ಕಿರಿಸ್ತಾನರ ಕೈಯ ಅಡುಗೆ ಎಡೆಗೆ ನಡೆಯುತ್ತಾ, ಊರೇ ನಗುತ್ತೆ ಎಂದರು. ಅಮ್ಮ ಒಂದೇ ಮಾತು ಅಂದಳು. "ಉಣ್ಣೋನು ನನ್ನ ಮಗ, ಕುಳ್ಳಯ್ಯ. ನೀನಲ್ಲ."

ಈ ಸಲ ಅಮಾವಾಸ್ಯೆ ಸೆಪ್ಟೆಂಬರ್ ಇಪ್ಪತ್ತೇಳಕ್ಕೆ. ಅದು ನಿಮ್ಮ ಬಸ್ಸುಗಳ ಕಾಲ, ರಜೆ ಸಿಗುವುದು ಕಷ್ಟ ಎಂದು ಅಮ್ಮನಿಗೆ ಹೇಳಿದ್ದೇನೆ. ಕರೆಯುತ್ತಿರುವವಳು ಅವಳು. ನಾನು ಬರೆದು ತಿಳಿಸುತ್ತಿದ್ದೇನೆ, ಅಷ್ಟೇ.

ಚಂದ್ರಿಕಾ


ಪಾಳ್ಯ
6 ಅಕ್ಟೋಬರ್ 2000

ಜೋ ಅವರಿಗೆ,

ಎಡೆ ಮುಗಿಸಿ ಹೊರಟ ನೀವು ಪ್ರಾಗ್‌ಗೆ ಕ್ಷೇಮವಾಗಿ ತಲುಪಿದಿರಿ ಎಂದು ಸ್ಟೆಲ್ಲಾ ಅಕ್ಕ ಹೇಳಿ ಕಳಿಸಿದರು. ಅವತ್ತು ಹೇಳಲಾಗದೆ ಹೋದದ್ದನ್ನು ಬರೆಯುತ್ತಿದ್ದೇನೆ.

ನೀವು ಅಂಗಳದಲ್ಲಿ ಒಲೆ ಹೂಡಿ ಗೊಜ್ಜು ಕುದಿಸುತ್ತಿದ್ದಾಗ ನಾನು ಒಳಗೆ ಕಡುಬು ಕಟ್ಟುತ್ತಿದ್ದೆ. ಮೂರು ವರ್ಷದ ಮೇಲೆ ನಿಮ್ಮ ದನಿ ನಮ್ಮ ಮನೆಯಲ್ಲಿ ಕೇಳಿತು. ಉಪ್ಪು ಎಲ್ಲಿದೆ ಎಂದಿರಿ, ಅಮ್ಮ ಕೊಟ್ಟಳು. ನೀವೇ ಎರಡು ಕೈಯಲ್ಲಿ ಅವನ ಎಲೆಗೆ ಬಡಿಸಿದಿರಿ. ಅಮ್ಮ ಊದಿನಕಡ್ಡಿ ಹಚ್ಚಿ, "ಉಣ್ಣಪ್ಪ, ಜೋ ಬಂದವ್ನೆ" ಎಂದಳು. ಆಮೇಲೆ ಪದ್ಧತಿಯಂತೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಎಳೆದುಕೊಂಡಳು. ಹಿರಿಯರು ಉಣ್ಣುವಾಗ ಬದುಕಿರುವವರು ನೋಡಬಾರದು.

ಚಿಕ್ಕಪ್ಪ, ಅಮ್ಮ ಕಣದ ಕಡೆ ಹೋಗಿ ಕೂತರು. ಜಗಲಿಯಲ್ಲಿ ಉಳಿದವರು ನಾವಿಬ್ಬರೇ. ಅಮ್ಮ ಬೇಕೆಂದೇ ಹಾಗೆ ಮಾಡಿದಳು ಎಂದು ನನಗೆ ಗೊತ್ತು. ಹಿಂದಿನ ದಿನವೇ, "ನಂದೇನೂ ಅಡ್ಡಿ ಇಲ್ಲ ಕಣವ್ವ, ನಿಮ್ಮಿಬ್ಬರಿಗೆ ಬಿಟ್ಟಿದ್ದು" ಎಂದಿದ್ದಳು. ಅದನ್ನು ಹೇಳಬೇಕೆಂದೇ ನಿಂತಿದ್ದೆ. ನೀವೂ ಏನೋ ಹೇಳಲು ಎರಡು ಸಲ ನನ್ನ ಕಡೆ ತಿರುಗಿದಿರಿ. ಒಳಗೆ ಬಾಗಿಲ ಹಿಂದೆ ಅಣ್ಣ ಊಟಕ್ಕೆ ಕೂತಿದ್ದ. ಅವನು ಉಣ್ಣುತ್ತಿರುವಾಗ ನಾನು ಆ ಮಾತು ತೆಗೆಯುವುದು ಹೇಗೆ ಜೋ? ನೀವು ತೆಗೆಯುವುದು ಹೇಗೆ? ಕಾಲು ಗಂಟೆ ಸುಮ್ಮನೆ ನಿಂತೆವು. ಅಮ್ಮ ಬಂದು ನಮ್ಮ ಮುಖ ನೋಡಿ, ಬಾಗಿಲು ತೆರೆದಳು.

ಆಗಲೇ ನನಗೆ ಗೊತ್ತಾಯಿತು. ಬದುಕಿದ್ದಿದ್ದರೆ ಅವನ ಜೊತೆ ನಾನು ಜಗಳ ಆಡುತ್ತಿದ್ದೆ, ಹಟ ಹಿಡಿದು ಗೆಲ್ಲುತ್ತಿದ್ದೆ. ಸೋತಿದ್ದರೆ ರಾತ್ರೋರಾತ್ರಿ ನಿಮ್ಮ ಹಿಂದೆ ಬರುತ್ತಿದ್ದೆ, ಅವನು ಎರಡು ವರ್ಷ ಮುನಿಸಿಕೊಂಡು ಮೂರನೇ ವರ್ಷ ನಮ್ಮ ಮಗುವನ್ನು ನೋಡಲು ಬರುತ್ತಿದ್ದ. ಸತ್ತವನ ಜೊತೆ ಜಗಳ ಆಡಲು ಆಗುವುದಿಲ್ಲ. ನಿಮ್ಮ ಬುತ್ತಿಯನ್ನು ಬಳಿದು ತಿಂದದ್ದು ಅವನ ಒಪ್ಪಿಗೆ ಎಂದುಕೊಳ್ಳಲು ಮೂರು ತಿಂಗಳು ನೋಡಿದೆ. ಒಂದು ದಿನ ಹೌದು ಅನಿಸುತ್ತದೆ, ಮಾರನೇ ದಿನ ಅದು ಬರೀ ಊರಿನ ಹಸಿವು ಅನಿಸುತ್ತದೆ. ಹೀಗೆ ದಿನಾ ತೂಗಿ ನೋಡಿಕೊಂಡು ನಿಮ್ಮ ಜೊತೆ ಸಂಸಾರ ಮಾಡಲಾರೆ. ನಿಮ್ಮನ್ನು ಪ್ರೀತಿಸಿದೆ, ಈಗಲೂ ಪ್ರೀತಿಸುತ್ತೇನೆ. ಇದನ್ನು ಒಂದೇ ಒಂದು ಸಲ ಬರೆದಿಡುತ್ತಿದ್ದೇನೆ.

ಯಸಳೂರಿನವರಿಗೆ ಹ್ಞೂಂ ಎಂದಿದ್ದೇನೆ. ನವೆಂಬರ್‌ನಲ್ಲಿ ಮದುವೆ. ಒಳ್ಳೆಯವರು, ಅವರಿಗೆ ಎಲ್ಲ ಹೇಳಿದ್ದೇನೆ. ನೀವು ಬರಬೇಡಿ.

ಅಮ್ಮ ಒಂದು ಮಾತು ಬರೆಯಲು ಹೇಳಿದ್ದಾಳೆ. ಪ್ರತಿ ವರ್ಷ ಅಮಾವಾಸ್ಯೆಗೆ ನೀವೇ ಬಂದು ಅವನ ಎಲೆಗೆ ಬಡಿಸಬೇಕಂತೆ. ನಡೆಸಿಕೊಡಿ. ನಾನು ಎದುರಿಗೆ ಬಂದೇನು ಎಂಬ ಅಂಜಿಕೆ ಬೇಡ. ಮದುವೆಯಾದ ಮೇಲೆ ಆ ದಿನ ನಾನು ಯಸಳೂರಿನಲ್ಲಿ, ಮುಖ ನೋಡದ ಯಾರ್ಯಾರಿಗೋ ಎಡೆ ಇಡುತ್ತಿರುತ್ತೇನೆ.

ಚಂದ್ರಿಕಾ